ಸಾರೋಟಿನಿಂದ ಕಾರಿಗೆ: ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡಿನ ಕಥೆ

ಹಳೆಯ ಬ್ಯೂಕ್, ಕ್ಯಾಡಿಲ್ಯಾಕ್ ಕಾರುಗಳನ್ನು ಜತನದಿಂದ ಇಟ್ಟುಕೊಂಡವರಿಗೆ ಬಾಗಿಲ ಹೊಸ್ತಿಲಿನ ಒಂದು ಲೋಹದ ಪಟ್ಟಿಯ ಪರಿಚಯ ಇರುತ್ತದೆ. ಅದರ ಮೇಲೆ ‘ಬಾಡಿ ಬೈ ಫಿಷರ್’ ಎಂಬ ಅಕ್ಷರಗಳು, ಜೊತೆಗೆ ಅರಮನೆಯ ಸಾರೋಟೊಂದರ ಪುಟ್ಟ ಚಿತ್ರ. ಮೋಟಾರು ಗಾಡಿಯ ಮೇಲೆ ಕುದುರೆ ಗಾಡಿಯ ಚಿತ್ರ ಯಾಕೆ ಎಂದು ಕೇಳಿದವರು ಕಡಿಮೆ. ಮಾದರಿ ವಾಹನ ಕಟ್ಟುವವರು ಕೇಳಲೇಬೇಕು. 1930ರಿಂದ 1968ರವರೆಗೆ ಅಮೆರಿಕದ ಹದಿಹರೆಯದ ಹುಡುಗರನ್ನು ಉಳಿ, ಅರ, ಅಂಟುಗಳ ಮುಂದೆ ಕೂರಿಸಿದ ಒಂದು ಸ್ಪರ್ಧೆ ಹುಟ್ಟಿದ್ದು ಆ ಚಿತ್ರದಿಂದಲೇ.

ನಮ್ಮ ಬಳಗದ ಸ್ಮರಣ ಸಂಚಿಕೆಯಲ್ಲಿ ಸಮುದ್ರದಾಚೆಯ ಸಂಸ್ಥೆಯೊಂದರ ಚರಿತ್ರೆಗೆ ಇಷ್ಟು ಪುಟ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಪ್ರದರ್ಶನದ ಮೇಜಿನ ಸುತ್ತ ನಾವು ಪ್ರತಿ ಸಲ ಮಾಡುವ ಜಗಳವೊಂದಿದೆ: ಅಂಕ ಕೊಡಬೇಕಾದದ್ದು ಇದ್ದದ್ದನ್ನು ಇದ್ದಂತೆ ಇಳಿಸಿದವರಿಗೋ, ಇಲ್ಲದ್ದನ್ನು ಊಹಿಸಿ ಕಟ್ಟಿದವರಿಗೋ? ಆ ಜಗಳವನ್ನು ಗಿಲ್ಡು ನಮಗಿಂತ ಬಹಳ ಮೊದಲೇ, ಬಹಳ ದೊಡ್ಡ ಮೊತ್ತದ ಹಣವನ್ನು ಪಣಕ್ಕಿಟ್ಟು ಆಡಿ ಮುಗಿಸಿದೆ. ಅದು ಕಂಡುಕೊಂಡ ಉತ್ತರ ನನಗೆ ಒಪ್ಪಿಗೆಯಾದದ್ದು, ಎಲ್ಲರಿಗೂ ಆಗಬೇಕಿಲ್ಲ.

ಮೊದಲು ಫಿಷರ್ ಮನೆತನದ ಮಾತು. ಓಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನಲ್ಲಿ ಕುದುರೆ ಗಾಡಿ ಕಟ್ಟುತ್ತಿದ್ದ ಕಮ್ಮಾರನೊಬ್ಬನ ಏಳು ಗಂಡುಮಕ್ಕಳು ಇವರು. ಹಿರಿಯನಾದ ಫ್ರೆಡ್ ತನ್ನ ತಮ್ಮ ಚಾರ್ಲ್ಸ್ ಜೊತೆ ಸೇರಿ 1908ರಲ್ಲಿ ಡೆಟ್ರಾಯಿಟ್‌ನಲ್ಲಿ ಫಿಷರ್ ಬಾಡಿ ಕಂಪನಿ ತೆರೆದ. ಆ ಕಾಲದ ಕಾರೆಂದರೆ ಬಹುಪಾಲು ಮೇಲ್ಛಾವಣಿಯೇ ಇಲ್ಲದ ಗಾಡಿ. ಮಳೆ, ಚಳಿ, ಧೂಳು ಎಲ್ಲವೂ ಕೂತವರ ಪಾಲು. ನಾಲ್ಕೂ ಕಡೆ ಮುಚ್ಚಿದ, ಗಾಜು ಹಾಕಿದ ಬಾಡಿಗೆ ಬೇಡಿಕೆ ಬಂದೇ ಬರುತ್ತದೆ ಎಂದು ಅಣ್ಣತಮ್ಮಂದಿರು ನಂಬಿದರು. 1910ರಲ್ಲಿ ಕ್ಯಾಡಿಲ್ಯಾಕ್ ಕಂಪನಿ 150 ಮುಚ್ಚಿದ ಬಾಡಿಗಳನ್ನು ಅವರಿಂದ ಮಾಡಿಸಿಕೊಂಡಿತು. ಅಲ್ಲಿಂದ ಮುಂದೆ ಅವರು ಹಿಂದಿರುಗಿ ನೋಡಲಿಲ್ಲ. ಜನರಲ್ ಮೋಟಾರ್ಸ್ 1919ರಲ್ಲಿ ಕಂಪನಿಯ ಐದರಲ್ಲಿ ಮೂರು ಪಾಲನ್ನೂ 1926ರಲ್ಲಿ ಉಳಿದದ್ದನ್ನೂ ಕೊಂಡು, ಅದನ್ನು ತನ್ನದೇ ಒಂದು ವಿಭಾಗ ಮಾಡಿಕೊಂಡಿತು.

ಬಾಡಿ ಎಂದರೆ ಆಗ ತಗಡಿನ ಹೊದಿಕೆ ಹೊದ್ದ ಮರದ ಗೂಡು. ಕಾರ್ಖಾನೆಯೊಳಗೆ ದುಡಿಯುತ್ತಿದ್ದವರಲ್ಲಿ ಬಡಗಿಗಳಿಗೇ ದೊಡ್ಡ ಮರ್ಯಾದೆ. ತಾವು ಸಾರೋಟು ಕಟ್ಟುವವರ ವಂಶದವರು ಎಂದು ಹೇಳಿಕೊಳ್ಳುವುದರಲ್ಲಿ ಫಿಷರ್ ಸೋದರರಿಗೆ ಹೆಮ್ಮೆಯೂ ಇತ್ತು, ವ್ಯಾಪಾರದ ಲಾಭವೂ ಇತ್ತು. ಹೊಸ್ತಿಲ ಪಟ್ಟಿಯ ಸಾರೋಟು ನೆಪೋಲಿಯನ್ ಚಕ್ರವರ್ತಿಯ ರಾಜರಥಗಳನ್ನು ನೋಡಿ ಹೊಂದಿಸಿದ ಚಿತ್ರ.

ಆ ಸಾರೋಟಿನ ಮಾದರಿ ಕಟ್ಟುವ ಹುಡುಗರ ಸ್ಪರ್ಧೆಗೆಂದು 1930ರಲ್ಲಿ ಫಿಷರ್ ಬಾಡಿ ಈ ಗಿಲ್ಡನ್ನು ಘೋಷಿಸಿತು. ಷೇರು ಪೇಟೆ ಕುಸಿದು ಒಂದು ವರ್ಷವೂ ಆಗಿರಲಿಲ್ಲ. ಕಾರು ಕೊಳ್ಳುವವರು ಕಡಿಮೆಯಾಗುತ್ತಿದ್ದ ಹೊತ್ತಿನಲ್ಲಿ ಹುಡುಗರ ಸ್ಪರ್ಧೆಗೆ ಹಣ ಸುರಿಯುವುದೆಂದರೆ ಹುಚ್ಚುತನದಂತೆ ಕಾಣಬಹುದು. ಲೆಕ್ಕ ಬೇರೆಯೇ ಇತ್ತು. 12ರಿಂದ 19 ವರ್ಷದೊಳಗಿನ ಯಾವ ಹುಡುಗನಾದರೂ ಶುಲ್ಕವಿಲ್ಲದೆ ಸೇರಬಹುದಿತ್ತು, ಆದರೆ ಹೆಸರು ಬರೆಸಲು ಜನರಲ್ ಮೋಟಾರ್ಸ್ ಕಾರು ಮಾರುವ ಅಂಗಡಿಗೆ ಹೋಗಬೇಕಿತ್ತು. ಮಗನ ಜೊತೆ ಅಪ್ಪನೂ ಒಳಗೆ ಕಾಲಿಡುತ್ತಿದ್ದ. ಹುಡುಗನಿಗೆ ಸದಸ್ಯತ್ವದ ಕಾರ್ಡು, ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆ, ಸಾರೋಟಿನ ನಕ್ಷೆ ಸಿಗುತ್ತಿತ್ತು. ಅಪ್ಪನಿಗೆ ಹೊಸ ಮಾಡೆಲ್ ಕಾರಿನ ದರ್ಶನ. ಇದು ಜಾಹೀರಾತೇ ಎನ್ನುವುದರಲ್ಲಿ ಅನುಮಾನವಿಲ್ಲ. ಅದನ್ನು ಯಾರೂ ಮುಚ್ಚಿಡಲೂ ಇಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಇನ್ನೊಂದು ಮಾರಾಟದ ಗಿಮಿಕ್ಕಾಗಿ ಮರೆತು ಹೋಗುತ್ತಿತ್ತು. ಮರೆಯದಂತೆ ಮಾಡಿದ್ದು ಬಹುಮಾನ. ಮೊದಲ ಸ್ಪರ್ಧೆಯಲ್ಲಿ ಗೆದ್ದ ನಾಲ್ವರಿಗೆ ತಲಾ 5,000 ಡಾಲರ್ ವಿದ್ಯಾರ್ಥಿವೇತನ, ಅದೂ ವಿಶ್ವವಿದ್ಯಾಲಯದ ಓದಿಗೆಂದೇ. ಆಗ ಹೊಸ ಷೆವ್ರೊಲೆ ಕಾರಿನ ಬೆಲೆ ಸುಮಾರು 500-600 ಡಾಲರ್. ಕೆಲಸ ಕಳೆದುಕೊಂಡ ಅಪ್ಪಂದಿರ ಮನೆಗಳಲ್ಲಿ ಇದು ಊಹೆಗೂ ಮೀರಿದ ಮೊತ್ತ. ಬಾಯ್ ಸ್ಕೌಟ್ ಚಳವಳಿಯನ್ನು ಅಮೆರಿಕದಲ್ಲಿ ಬೆಳೆಸಿದ ಡ್ಯಾನ್ ಬಿಯರ್ಡ್ ಅವರನ್ನು ಗೌರವಾಧ್ಯಕ್ಷರನ್ನಾಗಿ ಮಾಡಿಕೊಂಡದ್ದರಿಂದ ಶಾಲೆಗಳ ಬಾಗಿಲೂ ತೆರೆಯಿತು. ಗಿಲ್ಡಿನ ಪ್ರತಿನಿಧಿಗಳು ಹೈಸ್ಕೂಲಿಂದ ಹೈಸ್ಕೂಲಿಗೆ ಮಾದರಿ ಸಾರೋಟನ್ನು ಹೊತ್ತುಕೊಂಡು ಹೋಗಿ ಹುಡುಗರಿಗೆ ತೋರಿಸಿದರು.

ಆ ಸಾರೋಟಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊರ ತೇರು ನೋಡಿ ಬಂದು ಹಿತ್ತಲಲ್ಲಿ ಬಾಳೆದಿಂಡಿನ ತೇರು ಕಟ್ಟುವ ಹುಡುಗರ ಆಟದಂತಲ್ಲ ಅದು. ಇಡೀ ಗಾಡಿಯ ಉದ್ದ ಒಂದು ಅಡಿಗೂ ಕಡಿಮೆ, ಅದರೊಳಗೆ ನಿಜವಾದ ಸಾರೋಟಿನ ಪ್ರತಿಯೊಂದು ಅಂಗವೂ ಇರಬೇಕು. ಕಡ್ಡಿ ಕಡ್ಡಿ ಜೋಡಿಸಿದ ಚಕ್ರ, ಗಾಡಿ ತೂಗುವ ಪಟ್ಟಿ ಸ್ಪ್ರಿಂಗು, ತೆರೆದು ಮುಚ್ಚುವ ಬಾಗಿಲು, ಒಳಗೆ ಮಖಮಲ್ಲಿನ ಹಾಸು, ಹೊರಗೆ ಬಳ್ಳಿ ಹೂವಿನ ಕುಸುರಿ ಕೆತ್ತನೆ, ಅದಕ್ಕೆ ಚಿನ್ನದ ಲೇಪ. ಮರಗೆಲಸ, ಲೋಹದ ಕೆಲಸ, ಹೊಲಿಗೆ, ಬಣ್ಣ ಎಲ್ಲವನ್ನೂ ಒಬ್ಬನೇ ಹುಡುಗ ಮಾಡಬೇಕು. ಅಪ್ಪನಾಗಲಿ ಮೇಷ್ಟ್ರಾಗಲಿ ಕೈ ಹಾಕುವಂತಿಲ್ಲ. ಶಾಲೆ ಬಿಟ್ಟ ಮೇಲೆ ದಿನಾ ಕೂತರೂ ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಸಾವಿರಾರು ಗಂಟೆಗಳ ಶ್ರಮ. ಹೀಗಾಗಿ ಹೆಸರು ಬರೆಸಿದವರು ಲಕ್ಷಗಟ್ಟಲೆ, ಮುಗಿಸಿ ಕಳಿಸಿದವರು ಅದರಲ್ಲೊಂದು ಸಣ್ಣ ಪಾಲು. ಬಿಲ್ಲೆ ಇಸಿದುಕೊಂಡು ನಕ್ಷೆಯನ್ನು ಅಟ್ಟಕ್ಕೆ ಎಸೆದವರೇ ಹೆಚ್ಚು ಎಂದುಕೊಳ್ಳಲು ಅಡ್ಡಿಯಿಲ್ಲ. ನಮ್ಮಲ್ಲಿ ಎಷ್ಟು ಜನರ ಕಪಾಟಿನಲ್ಲಿ ಬಿಚ್ಚದ ಕಿಟ್‌ಗಳಿವೆ ಎಂಬುದನ್ನು ನೆನೆದರೆ ಆ ಹುಡುಗರನ್ನು ಬಯ್ಯುವ ಮನಸ್ಸಾಗುವುದಿಲ್ಲ.

ತೀರ್ಪಿನ ಅಳತೆಗೋಲು ಸರಳ, ಆದರೆ ನಿರ್ದಯ. ನಕ್ಷೆಯಲ್ಲಿ ಇದ್ದದ್ದು ಮಾದರಿಯಲ್ಲಿ ಇದೆಯೇ? ಅಳತೆ ಸರಿಯೇ? ಕೈ ಎಷ್ಟು ನಯ? ಎಲ್ಲರೂ ಕಟ್ಟುವುದು ಒಂದೇ ಸಾರೋಟಾದ್ದರಿಂದ ಹೋಲಿಸಿ ನೋಡುವುದು ಸುಲಭ. ಇಲ್ಲಿ ಗೆದ್ದವರ ಪೈಕಿ ಇಂಡಿಯಾನಾ ರಾಜ್ಯದ ಡೊನಾಲ್ಡ್ ಬರ್ನ್‌ಹ್ಯಾಮ್ ಹೆಸರನ್ನು ಹೇಳಬೇಕು. ಮೊದಲ ಸ್ಪರ್ಧೆಯ ಆ ನಾಲ್ವರಲ್ಲಿ ಒಬ್ಬರು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು. ಜನರಲ್ ಮೋಟಾರ್ಸ್‌ನಲ್ಲಿ ಉತ್ಪಾದನೆಯ ಕೆಲಸ ನೋಡಿಕೊಂಡರು. 1963ರಲ್ಲಿ ವೆಸ್ಟಿಂಗ್‌ಹೌಸ್ ಎಂಬ ದೈತ್ಯ ವಿದ್ಯುತ್ ಉಪಕರಣ ಕಂಪನಿಯ ಅಧ್ಯಕ್ಷರಾದರು. ಸಾರೋಟು ಕಟ್ಟಿದ ಕೈಗೆ ಇದು ಸಹಜ ದಾರಿ ಅನಿಸುತ್ತದೆ. ಕೊಟ್ಟ ನಕ್ಷೆಯನ್ನು ತಪ್ಪಿಲ್ಲದೆ ವಸ್ತುವಾಗಿ ಇಳಿಸುವುದೇ ಕಾರ್ಖಾನೆ ನಡೆಸುವವನ ಕೆಲಸವೂ ಹೌದು.

ಆದರೆ ಡೆಟ್ರಾಯಿಟ್‌ಗೆ ಬೇಕಾಗಿದ್ದು ಅಂಥವರು ಮಾತ್ರವಲ್ಲ. 1927ರಲ್ಲಿ ಜನರಲ್ ಮೋಟಾರ್ಸ್ ಹಾರ್ಲಿ ಅರ್ಲ್ ಎಂಬ ಕ್ಯಾಲಿಫೋರ್ನಿಯಾದ ಆಜಾನುಬಾಹುವನ್ನು ಕರೆಸಿಕೊಂಡು ‘ಆರ್ಟ್ ಅಂಡ್ ಕಲರ್’ ಎಂಬ ವಿಭಾಗ ತೆರೆದಿತ್ತು. ಕಾರು ಓಡಿದರೆ ಸಾಲದು, ನೋಡಿದವರ ಮನಸ್ಸನ್ನೂ ಎಳೆಯಬೇಕು ಎಂಬುದು ಅವರ ವಾದ. ಕಾಗದದ ಮೇಲಿನ ಗೆರೆಯನ್ನು ನೇರವಾಗಿ ತಗಡಿಗೆ ಇಳಿಸದೆ, ಮೊದಲು ಜೇಡಿಮಣ್ಣಿನಲ್ಲಿ ತಿದ್ದಿ ತೀಡಿ ನೋಡುವ ಪದ್ಧತಿಯನ್ನು ಅವರು ಅಲ್ಲಿ ನೆಲೆಯೂರಿಸಿದರು. ಇಂಥ ವಿಭಾಗಕ್ಕೆ ಜನ ಎಲ್ಲಿಂದ ಬರಬೇಕು? ಕಾರಿನ ವಿನ್ಯಾಸ ಕಲಿಸುವ ಕಾಲೇಜುಗಳು ಆಗ ಬೆರಳೆಣಿಕೆಯಷ್ಟೂ ಇರಲಿಲ್ಲ.

ಇತ್ತ ಮರದ ಬಾಡಿಯ ಕಾಲವೂ ಮುಗಿಯುತ್ತಿತ್ತು. 1935ರ ಮಾಡೆಲ್‌ಗಳಿಗೆ ಫಿಷರ್ ಬಾಡಿ ಇಡೀ ಮೇಲ್ಛಾವಣಿಯನ್ನು ಒಂದೇ ಉಕ್ಕಿನ ಹಾಳೆಯಿಂದ ಒತ್ತಿ ತೆಗೆಯತೊಡಗಿತು. ‘ಟರೆಟ್ ಟಾಪ್’ ಎಂದು ಅದನ್ನು ಊರೆಲ್ಲ ಡಂಗುರ ಹೊಡೆದರು. 1937ರ ಹೊತ್ತಿಗೆ ಬಾಡಿಯೇ ಪೂರ್ತಿ ಉಕ್ಕಿನದಾಯಿತು. ಕಂಪನಿ ತಾನೇ ಮರ ಬಿಟ್ಟ ಮೇಲೂ ಹುಡುಗರ ಕೈಲಿ ಮರದ ಸಾರೋಟು ಕೆತ್ತಿಸುತ್ತಾ ಕೂರುವುದರಲ್ಲಿ ಏನೋ ಅಸಂಗತವಿತ್ತು.

1937 ಎನ್ನುವಾಗ ಇನ್ನೊಂದು ಸಂಗತಿಯನ್ನೂ ಹೇಳದಿದ್ದರೆ ಲೋಪವಾದೀತು. ಮಿಷಿಗನ್‌ನ ಫ್ಲಿಂಟ್ ಪಟ್ಟಣದಲ್ಲಿ ಕಾರ್ಮಿಕರು ಯಂತ್ರಗಳ ಪಕ್ಕದಲ್ಲೇ ಕೂತು ಕಾರ್ಖಾನೆ ಬಿಟ್ಟು ಕದಲದ ಪ್ರಸಿದ್ಧ ಮುಷ್ಕರ ಶುರುವಾದದ್ದು 1936ರ ಡಿಸೆಂಬರ್ 30ರಂದು, ಫಿಷರ್ ಬಾಡಿಯದೇ ಘಟಕಗಳಲ್ಲಿ. 44 ದಿನ ನಡೆದು 1937ರ ಫೆಬ್ರವರಿ 11ಕ್ಕೆ ಅದು ಮುಗಿಯಿತು, ಕಾರ್ಮಿಕ ಸಂಘಕ್ಕೆ ಕಂಪನಿ ಮಾನ್ಯತೆ ಕೊಡಬೇಕಾಯಿತು. ಕುಶಲ ಕೈಗಳನ್ನು ಕೊಂಡಾಡುವ ಗಿಲ್ಡಿನ ಸನ್ಮಾನ ಪತ್ರಗಳು ಒಂದು ಕಡೆ, ಅದೇ ಹೆಸರಿನ ಕಾರ್ಖಾನೆಯಲ್ಲಿ ದುಡಿಯುವ ಕೈಗಳ ಸಿಟ್ಟು ಇನ್ನೊಂದು ಕಡೆ. ಗಿಲ್ಡಿನ ಚರಿತ್ರೆ ಬರೆಯುವಾಗ ಎರಡನ್ನೂ ಒಂದೇ ಪುಟದಲ್ಲಿ ಇಡುವುದು ನ್ಯಾಯ.

ಅದೇ ವರ್ಷ ಗಿಲ್ಡು ತನ್ನ ಸ್ಪರ್ಧೆಗೆ ಎರಡನೆಯ ಕವಲೊಂದನ್ನು ಸೇರಿಸಿತು: ಮಾದರಿ ಕಾರು. ಇದಕ್ಕೆ ನಕ್ಷೆ ಕೊಡಲಿಲ್ಲ. ಕಾರು ಹೇಗಿರಬೇಕೆಂದು ಹುಡುಗನೇ ಊಹಿಸಬೇಕು, ಗೆರೆ ಹಾಕಬೇಕು, ಕಟ್ಟಬೇಕು. ಸಾರೋಟಿನ ಸ್ಪರ್ಧೆ ಅದರ ಜೊತೆಜೊತೆಗೇ ಇನ್ನೊಂದು ದಶಕ ನಡೆದು 1940ರ ದಶಕದ ಕೊನೆಯಲ್ಲಿ ನಿಂತಿತು. ಗಿಲ್ಡಿನ ಇಡೀ ಬದುಕಿನಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ ಎಂದು ನನ್ನ ಎಣಿಕೆ. ಅಲ್ಲಿಯವರೆಗೆ ವಿಧೇಯತೆಗೆ ಬಹುಮಾನ ಕೊಡುತ್ತಿದ್ದವರು ಅಲ್ಲಿಂದ ಮುಂದೆ ಧೈರ್ಯಕ್ಕೆ ಬಹುಮಾನ ಕೊಡಬೇಕಾಯಿತು. ಧೈರ್ಯವನ್ನು ಅಳೆಯುವುದು ಕಷ್ಟ.

ಯುದ್ಧದ ವರ್ಷಗಳಲ್ಲಿ ಎಲ್ಲವೂ ಸ್ಥಗಿತ. ಫಿಷರ್ ಬಾಡಿ ಗ್ರ್ಯಾಂಡ್ ಬ್ಲಾಂಕ್ ಎಂಬಲ್ಲಿ ಷೆರ್ಮನ್ ಟ್ಯಾಂಕು ಕಟ್ಟಿತು. ಮಾದರಿ ಕಟ್ಟಬೇಕಾದ ವಯಸ್ಸಿನ ಅನೇಕರು ಸಮವಸ್ತ್ರ ತೊಟ್ಟು ಹೊರಟರು.

ಯುದ್ಧ ಮುಗಿದ ಮೇಲೆ ಸ್ಪರ್ಧೆ ಮತ್ತೆ ಶುರುವಾಗಿ ಕಾರಿನ ಕಡೆಗೇ ವಾಲಿತು. ಅಳತೆ ಹನ್ನೆರಡಕ್ಕೆ ಒಂದು, ಅಂದರೆ ನಿಜವಾದ ಕಾರಿನ ಒಂದು ಅಡಿಗೆ ಮಾದರಿಯ ಒಂದು ಇಂಚು. ಹದಿನೇಳು ಅಡಿಯ ಕಾರು ಮೇಜಿನ ಮೇಲೆ ಹದಿನೇಳು ಇಂಚು. ಅಡಿ ಇಂಚಿನ ಸ್ಕೇಲು ಹಿಡಿದ ಶಾಲೆಯ ಹುಡುಗನಿಗೆ ಇದಕ್ಕಿಂತ ಹಗುರಾದ ಲೆಕ್ಕ ಬೇರೆ ಇಲ್ಲ. ಕಿರಿಯರ ವಿಭಾಗ, ಹಿರಿಯರ ವಿಭಾಗ ಎಂದು ಎರಡು ಪಂಗಡ. ಮೇಲಿನ ವಯೋಮಿತಿ ಮುಂದೆ ಇಪ್ಪತ್ತಕ್ಕೆ ಏರಿತು.

ಕೆಲಸದ ದಾರಿ ಹೀಗೆ. ಮೊದಲು ಪಕ್ಕದಿಂದ, ಮುಂದಿನಿಂದ, ಹಿಂದಿನಿಂದ, ಮೇಲಿನಿಂದ ಕಾಣುವಂತೆ ನಾಲ್ಕು ನಕ್ಷೆ. ಆಮೇಲೆ ಜೇಡಿಮಣ್ಣಿನಲ್ಲಿ ಮಾದರಿ. ಕಾಗದದಲ್ಲಿ ಚೆಂದ ಕಂಡ ಗೆರೆ ಮಣ್ಣಿಗೆ ಬಂದಾಗ ಕೆಟ್ಟು ನಿಲ್ಲುವುದು ಇಲ್ಲಿಯೇ ಗೊತ್ತಾಗುತ್ತದೆ. ಮಣ್ಣಿನ ರೂಪ ಒಪ್ಪಿಗೆಯಾದರೆ ದಪ್ಪ ರಟ್ಟಿನಲ್ಲಿ ಅದರ ಅಂಚುಗಳ ಅಳತೆಪಟ್ಟಿ ಕತ್ತರಿಸಬೇಕು. ಆ ಪಟ್ಟಿ ಹಿಡಿದು ಮರದ ದಿಮ್ಮಿಯನ್ನು ಕೆತ್ತಬೇಕು, ಇಲ್ಲವೇ ಮಣ್ಣಿನಿಂದ ಅಚ್ಚು ತೆಗೆದು ಪ್ಲಾಸ್ಟರ್ ಸುರಿಯಬೇಕು. ಕೊನೆಯ ವರ್ಷಗಳಲ್ಲಿ ಫೈಬರ್‌ಗ್ಲಾಸ್ ಕೂಡ ಬಂತು. ಎಡಭಾಗದ ಗೆರೆಯೂ ಬಲಭಾಗದ ಗೆರೆಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಬೇಕು, ಅನೇಕರ ಕಾರು ಸೋತದ್ದು ಈ ಜಾಗದಲ್ಲಿ. ಬಂಪರು, ಮುಂದಿನ ಜಾಲರಿಗಳನ್ನು ಹಿತ್ತಾಳೆಯಲ್ಲೋ ಅಲ್ಯುಮಿನಿಯಂನಲ್ಲೋ ಅರ ಹಾಕಿ ತೆಗೆದು ಹೊಳಪು ಕೊಡಬೇಕು. ಮರದ ರಂಧ್ರ ಮುಚ್ಚಿ, ಪ್ರೈಮರ್ ಹೊಡೆದು, ನೀರು ಹಾಕಿ ಸ್ಯಾಂಡ್‌ಪೇಪರ್ ಉಜ್ಜಿ, ಮತ್ತೆ ಲ್ಯಾಕರ್, ಮತ್ತೆ ಉಜ್ಜು. ಚಕ್ರಗಳನ್ನು ಗಿಲ್ಡೇ ಒದಗಿಸುತ್ತಿತ್ತು, ಇಲ್ಲದಿದ್ದರೆ ರಬ್ಬರ್ ಟೈರಿಗಾಗಿ ಹುಡುಗರು ಊರೆಲ್ಲ ಅಲೆಯಬೇಕಿತ್ತು. ಒಳಾಂಗಣ ಬೇಕೇ ಬೇಕೆಂಬ ಕಟ್ಟುಪಾಡಿರಲಿಲ್ಲ, ಘನ ಮರದ ಕಾರಿಗೆ ಕಿಟಕಿಯ ಜಾಗದಲ್ಲಿ ಬೆಳ್ಳಿ ಬಣ್ಣ ಹಚ್ಚಿ ಕಳಿಸಿದರೂ ನಡೆಯುತ್ತಿತ್ತು. ಎಲ್ಲ ಮುಗಿದ ಮೇಲೆ ಅದಕ್ಕೆ ತಕ್ಕ ಮರದ ಪೆಟ್ಟಿಗೆ ಮಾಡಿ ರೈಲಿನ ಪಾರ್ಸೆಲ್ಲಿಗೆ ಹಾಕುವುದು.

ಈ ಕ್ರಮ ಹಾರ್ಲಿ ಅರ್ಲ್ ಅವರ ಸ್ಟುಡಿಯೊದಲ್ಲಿ ನಡೆಯುತ್ತಿದ್ದ ಕ್ರಮವೇ. ಹದಿನಾರರ ಹುಡುಗ ತನಗೆ ಗೊತ್ತಿಲ್ಲದೆಯೇ ಮನೆಯ ಗ್ಯಾರೇಜಿನಲ್ಲಿ ಕೂತು ಆ ಸ್ಟುಡಿಯೊದ ಉಮೇದುವಾರಿಕೆ ಮುಗಿಸುತ್ತಿದ್ದ. ತೀರ್ಪುಗಾರರ ಸಾಲಿನಲ್ಲಿ ಕರಕುಶಲ ಕಲಿಸುವ ಶಿಕ್ಷಕರ ಜೊತೆ ಜನರಲ್ ಮೋಟಾರ್ಸ್‌ನ ವಿನ್ಯಾಸಕಾರರೂ ಕೂರುತ್ತಿದ್ದರು. ವಿನ್ಯಾಸದ ಹೊಸತನಕ್ಕೆ ಬೇರೆ ಅಂಕ, ಕೈಕೆಲಸದ ಅಚ್ಚುಕಟ್ಟಿಗೆ ಬೇರೆ ಅಂಕ. ಗೆದ್ದವರನ್ನು ಡೆಟ್ರಾಯಿಟ್‌ಗೆ ಕರೆಸಿ ಕೆಲವು ದಿನ ಉಪಚರಿಸುವ ಸಮಾವೇಶದ ನೆವದಲ್ಲಿ ಕಂಪನಿ ಆ ಹುಡುಗರನ್ನು ಹತ್ತಿರದಿಂದ ನೋಡಿಕೊಳ್ಳುತ್ತಿತ್ತು. ಇಂದು ಕ್ಯಾಂಪಸ್ ಸಂದರ್ಶನ ಎಂದು ಕರೆಯುವುದನ್ನು ಅವರು ಔತಣ ಹಾಕಿ ಮುಗಿಸುತ್ತಿದ್ದರು.

ಚಾರ್ಲ್ಸ್ ಜೋರ್ಡನ್ ಬಂದದ್ದು ಹೀಗೆ. 1927ರಲ್ಲಿ ಕ್ಯಾಲಿಫೋರ್ನಿಯಾದ ವಿಟಿಯರ್‌ನಲ್ಲಿ ಹುಟ್ಟಿದವರು, ಎಂಐಟಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ 1947ರ ಸ್ಪರ್ಧೆಗೆ ಕಾರು ಕಟ್ಟಿ ಕಳಿಸಿದರು. ಮೊದಲ ಬಹುಮಾನ, 4,000 ಡಾಲರ್ ವಿದ್ಯಾರ್ಥಿವೇತನ. 1949ರಲ್ಲಿ ಓದು ಮುಗಿಯುತ್ತಲೇ ಜನರಲ್ ಮೋಟಾರ್ಸ್ ಸೇರಿದರು. 1955ರ ಷೆವ್ರೊಲೆ ಕ್ಯಾಮಿಯೊ ಪಿಕಪ್ಪು, ರೆಕ್ಕೆ ಬಾಲಗಳಿಗೆ ಹೆಸರಾದ 1959ರ ಕ್ಯಾಡಿಲ್ಯಾಕ್‌ಗಳ ಹಿಂದೆ ಅವರ ಕೈ ಇದೆ. 1960ರ ದಶಕದ ಕೊನೆಗೆ ಜರ್ಮನಿಯ ಓಪೆಲ್ ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು. 1986ರಲ್ಲಿ ಇಡೀ ಜನರಲ್ ಮೋಟಾರ್ಸ್‌ನ ವಿನ್ಯಾಸದ ಉಪಾಧ್ಯಕ್ಷ, ಅಂದರೆ ಹಾರ್ಲಿ ಅರ್ಲ್ ಕೂತಿದ್ದ ಕುರ್ಚಿ. 1992ರಲ್ಲಿ ನಿವೃತ್ತಿ.

ಒಬ್ಬರದೇ ಕಥೆಯಾಗಿದ್ದರೆ ಅದೃಷ್ಟ ಎನ್ನಬಹುದಿತ್ತು. ಗಿಲ್ಡಿನ ಬಹುಮಾನಿತ ರಾನ್ ಹಿಲ್ ಜನರಲ್ ಮೋಟಾರ್ಸ್‌ನಲ್ಲಿ ದುಡಿದು, ಆಮೇಲೆ ಪಸಾಡೆನಾದ ಆರ್ಟ್ ಸೆಂಟರ್ ಕಾಲೇಜಿನಲ್ಲಿ ವಾಹನ ವಿನ್ಯಾಸ ವಿಭಾಗವನ್ನು ನಡೆಸಿದರು. ಕ್ರೈಸ್ಲರ್ ಕಾರುಗಳ ರೂಪ ಬದಲಿಸಿದ ವರ್ಜಿಲ್ ಎಕ್ಸ್‌ನರ್ ಅವರ ಮಗನೂ ಗಿಲ್ಡಿನ ಬಹುಮಾನಿತನೇ. ಎದುರಾಳಿ ಕಂಪನಿಯ ಮನೆಯ ಹುಡುಗನಿಗೂ ಬಾಗಿಲು ತೆರೆದಿತ್ತು ಎಂಬುದು ಸ್ಪರ್ಧೆಯ ಮರ್ಯಾದೆಯನ್ನು ಹೆಚ್ಚಿಸುತ್ತದೆ. 1960ರ ದಶಕದ ಕೊನೆಗೆ ಜನರಲ್ ಮೋಟಾರ್ಸ್ ವಿನ್ಯಾಸ ವಿಭಾಗದ ಸೃಜನಶೀಲ ಸಿಬ್ಬಂದಿಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಕಾಲದಲ್ಲಿ ಗಿಲ್ಡಿನಲ್ಲಿದ್ದವರು ಎಂದು ಗಿಲ್ಡಿನ ಚರಿತ್ರೆ ಬರೆದವರು ಹೇಳುತ್ತಾರೆ. ನನಗೆ ಕಾಣುವಂತೆ ಸಾರೋಟಿನ ಕವಲು ಹೆಚ್ಚಾಗಿ ಎಂಜಿನಿಯರುಗಳನ್ನು ಕೊಟ್ಟಿತು, ಕಾರಿನ ಕವಲು ವಿನ್ಯಾಸಕಾರರನ್ನು ಕೊಟ್ಟಿತು. ನಕಲಿಗೂ ಊಹೆಗೂ ಬೇರೆ ಬೇರೆ ಫಲ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕಹಿ ಮಾತು ಬಾಕಿ ಇದೆ. ಮೂವತ್ತೆಂಟು ವರ್ಷಗಳಲ್ಲಿ ಒಬ್ಬ ಹುಡುಗಿಗೂ ಇಲ್ಲಿ ಜಾಗವಿರಲಿಲ್ಲ. ನಿಯಮದಲ್ಲೇ ಹುಡುಗರಿಗೆ ಮಾತ್ರ ಎಂದಿತ್ತು. ಹಾರ್ಲಿ ಅರ್ಲ್ 1950ರ ದಶಕದಲ್ಲಿ ತಮ್ಮ ವಿಭಾಗಕ್ಕೆ ಮಹಿಳಾ ವಿನ್ಯಾಸಕಾರರನ್ನು ಸೇರಿಸಿಕೊಂಡಿದ್ದರು. ಅದಾದ ಮೇಲೂ ಸ್ಪರ್ಧೆಯ ನಿಯಮ ಬದಲಾಗಲಿಲ್ಲ. ಕಾಲ ಹಾಗಿತ್ತು ಎಂದು ತೇಲಿಸಿಬಿಡಬಹುದು, ಆದರೆ ವಿಶ್ವವಿದ್ಯಾಲಯದ ಓದನ್ನೇ ಬಹುಮಾನವಾಗಿ ಕೊಡುವ ಕಡೆ ಈ ಗೋಡೆ ಹೆಚ್ಚು ನೋಯಿಸುತ್ತದೆ.

ಗಿಲ್ಡನ್ನು ಮುಗಿಸಿದ್ದು ಒಂದೇ ಏಟಲ್ಲ. ಮಿಷಿಗನ್‌ನದೇ ಎಎಂಟಿ ಎಂಬ ಕಂಪನಿ, ಮೊದಲು ಕಾರು ಅಂಗಡಿಗಳಿಗೆ ಪ್ರಚಾರದ ಪುಟಾಣಿ ಕಾರು ಮಾಡಿಕೊಡುತ್ತಿತ್ತು. 1958ರಲ್ಲಿ ಅದು ಆ ವರ್ಷದ ಹೊಸ ಕಾರುಗಳನ್ನು ಪ್ಲಾಸ್ಟಿಕ್ ಕಿಟ್ಟಾಗಿ ಪೆಟ್ಟಿಗೆಯಲ್ಲಿ ತುಂಬಿ ಮಾರತೊಡಗಿತು. ಒಂದೇ ಕಿಟ್ಟಿನಿಂದ ಮೂರು ರೀತಿಯ ಕಾರು ಕಟ್ಟಬಹುದು, ಅಳತೆ ಇಪ್ಪತ್ತೈದಕ್ಕೆ ಒಂದು. ಒಂದು ಶನಿವಾರ ಮಧ್ಯಾಹ್ನಕ್ಕೆ ಕಾರು ಸಿದ್ಧ. ರೆವೆಲ್ ಕಂಪನಿ ಎಡ್ ರಾತ್ ಎಂಬ ಕಸ್ಟಮ್ ಕಾರುಗಾರನ ವಿಚಿತ್ರ ಗಾಡಿಗಳನ್ನೂ ‘ರ‍್ಯಾಟ್ ಫಿಂಕ್’ ಎಂಬ ಇಲಿರಾಕ್ಷಸನನ್ನೂ ಹುಡುಗರ ಕೈಗಿಟ್ಟಿತು. ತಿಂಗಳುಗಟ್ಟಲೆ ಮರ ಉಜ್ಜುವವನಿಗೆ ಪಕ್ಕದ ಮನೆಯ ಗೆಳೆಯ ವಾರಕ್ಕೊಂದು ಕಾರು ತೋರಿಸತೊಡಗಿದರೆ ಎಷ್ಟು ದಿನ ತಾಳ್ಮೆ ಉಳಿದೀತು? ಜೊತೆಗೆ ವಿಯೆಟ್ನಾಂ ಯುದ್ಧ, ಕಾರು ಕಂಪನಿಗಳ ಮೇಲೆ ಜನರಿಗೆ ಹುಟ್ಟಿದ ಅನುಮಾನ, ಬದಲಾದ ಹದಿಹರೆಯ. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿ ಇದೇ ಮಾದರಿಯ ಗಿಲ್ಡನ್ನು 1960ರ ದಶಕದಲ್ಲಿ ತನ್ನ ನಾಡಿನಲ್ಲಿ ನಡೆಸುತ್ತಿದ್ದಾಗಲೇ 1968ರಲ್ಲಿ ಡೆಟ್ರಾಯಿಟ್‌ನ ಮೂಲ ಗಿಲ್ಡು ಮುಚ್ಚಿತು. ಫಿಷರ್ ಬಾಡಿ ವಿಭಾಗವನ್ನೇ ಜನರಲ್ ಮೋಟಾರ್ಸ್ 1984ರ ಪುನರ್ರಚನೆಯಲ್ಲಿ ಕರಗಿಸಿತು.

ಪ್ಲಾಸ್ಟಿಕ್ ಕಿಟ್ಟು ಗಿಲ್ಡನ್ನು ಕೊಂದಿತು ಎನ್ನುವವರ ಜೊತೆ ನಾನು ಪೂರ್ತಿ ಇಲ್ಲ. ಅದೇ ಕಿಟ್ಟಿನಿಂದ ಬೇರೆ ಬಗೆಯ ಸಂಘಟನೆ ಹುಟ್ಟಿತು. 1963ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಪ್ಲಾಸ್ಟಿಕ್ ಮಾಡೆಲರ್ಸ್ ಸೊಸೈಟಿ ದೇಶದೇಶಗಳಿಗೆ ಹರಡಿ, ವಯಸ್ಸಿನ ಕಟ್ಟಿಲ್ಲದೆ, ಹೆಣ್ಣು ಗಂಡಿನ ಭೇದವಿಲ್ಲದೆ ಕಟ್ಟುವವರನ್ನು ಒಂದು ಮೇಜಿಗೆ ತಂದಿತು. ಯಾವ ಕಾರು ಕಂಪನಿಯ ಹಂಗೂ ಇಲ್ಲದ ಕೂಟ ಅದು. ವಿದ್ಯಾರ್ಥಿವೇತನ ಇಲ್ಲ, ಗೆದ್ದವರಿಗೆ ಪದಕ ಅಥವಾ ಫಲಕ. ಅಲ್ಲಿ ಬೆಳೆದ ತೀರ್ಪಿನ ಕ್ರಮವನ್ನೇ ನಾವೂ ಸ್ವಲ್ಪ ಹೆಚ್ಚುಕಡಿಮೆ ಮಾಡಿ ಪಾಲಿಸುತ್ತಿದ್ದೇವೆ: ಜೋಡಣೆಯ ಗೆರೆ ಕಾಣುತ್ತಿದೆಯೇ, ಚಕ್ರ ನಾಲ್ಕೂ ನೆಲಕ್ಕೆ ತಾಗಿವೆಯೇ, ಬಣ್ಣದಲ್ಲಿ ಕೂದಲು ಸಿಕ್ಕಿದೆಯೇ, ಡೆಕಾಲ್ ಬೆಳ್ಳಗೆ ಎದ್ದಿದೆಯೇ. ಒಂದು ಅರ್ಥದಲ್ಲಿ ನಾವೆಲ್ಲ ಸಾರೋಟಿನ ಕವಲಿಗೇ ಮರಳಿದವರು. ನಕ್ಷೆಯ ಜಾಗದಲ್ಲಿ ನಿಜವಾದ ಕಾರಿನ ಫೋಟೊ ಬಂದಿದೆ, ಅಷ್ಟೇ.

ಗಿಲ್ಡಿನ ಸಾರೋಟುಗಳೂ ಕಾರುಗಳೂ ಕೆಲವು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿವೆ. ಉಳಿದವು ಕಟ್ಟಿದವರ ಮನೆಗಳಲ್ಲೋ ಹರಾಜಿನ ಪೆಟ್ಟಿಗೆಗಳಲ್ಲೋ ಇವೆ. 1950ರ ದಶಕದ ಅಂಥದೊಂದು ಮರದ ಕಾರನ್ನು ಯಾರಾದರೂ ನಮ್ಮ ಮುಂದಿನ ಪ್ರದರ್ಶನಕ್ಕೆ ತಂದರೆ ನೋಂದಣಿ ಮೇಜಿನವರು ಕೈಚೆಲ್ಲಬೇಕಾಗುತ್ತದೆ. ‘ಮೂಲ ವಾಹನದ ಹೆಸರು’ ಎಂಬ ಅಂಕಣದಲ್ಲಿ ತುಂಬಲು ಏನೂ ಇರುವುದಿಲ್ಲ, ಆ ಕಾರು ಎಂದೂ ಓಡಿದ್ದಲ್ಲ. ಸ್ಪರ್ಧೆಯ ಉಪಸಮಿತಿ ಮುಂದಿನ ಸಾಲಿನ ಅರ್ಜಿ ಅಚ್ಚು ಹಾಕಿಸುವ ಮೊದಲು ಸ್ವಂತ ವಿನ್ಯಾಸಕ್ಕೆ ಒಂದು ವಿಭಾಗ ಸೇರಿಸಲಿ, ಅದಕ್ಕೆ ಜೇಡಿಮಣ್ಣಿನ ಮೊದಲ ರೂಪದ ಫೋಟೊವನ್ನೂ ಕೇಳಲಿ ಎಂಬ ಸಲಹೆಯನ್ನು ಈ ಲೇಖನದ ಜೊತೆಗೇ ಕೊಟ್ಟಿದ್ದೇನೆ.